ಟ್ಯಾಂಗೊ ತೆಕ್ಕೆಯಲ್ಲಿ ಉಸಿರು ಕಟ್ಟಿದರೆ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಸಾಫ್ಟ್‌ವೇರ್ ಕೆಲಸ, ಮನೆ ಜೆ.ಪಿ. ನಗರದಲ್ಲಿ. ಒಂದೂವರೆ ವರ್ಷದಿಂದ ಇಂದಿರಾನಗರದ ಕಡೆ ಒಂದು ಕ್ಲಾಸಿಗೆ ಹೋಗಿ ಅರ್ಜೆಂಟೈನ್ ಟ್ಯಾಂಗೊ ಕಲಿಯುತ್ತಿದ್ದೇನೆ. ಸ್ವಲ್ಪ ದೂರ ನಿಂತು ಕುಣಿಯುವಾಗ ತೊಂದರೆ ಇಲ್ಲ. ಎದೆಗೆ ಎದೆ ತಾಗಿಸಿ ಕುಣಿಯುವ ಕ್ಲೋಸ್ ಎಂಬ್ರೇಸ್‌ನಲ್ಲಿ ನೇರ ನಡೆಯುವವರೆಗೂ ಸರಿ. ಓಚೊ ಬಂದರೆ, ತಿರುಗುವುದು ಬಂದರೆ, ಎಲ್ಲ ಕಿತ್ತುಹೋಗುತ್ತದೆ. ಹಿಡಿತ ಬಿಗಿ ಮಾಡಿದರೆ ಜೊತೆಯವರು ‘ಉಸಿರು ಕಟ್ತಾ ಇದೆ’ ಅನ್ನುತ್ತಾರೆ. ಬಿಟ್ಟರೆ ‘ಏನೂ ಗೊತ್ತಾಗ್ತಿಲ್ಲ’ ಅನ್ನುತ್ತಾರೆ. ನಾನು 5 ಅಡಿ 11 ಇಂಚು, ಅವರು 5 ಅಡಿ 1. ನನಗೆ ಸ್ವಲ್ಪ ಹೊಟ್ಟೆಯೂ ಇದೆ. ಎರಡು ಗಂಟೆ ಕುಣಿದರೆ ಸೊಂಟ ನೋವು ಶುರು. ಅಪ್ಪುಗೆಯನ್ನು ಹಾಡು ಮುಗಿಯುವವರೆಗೆ ಹಾಗೇ ಇಟ್ಟುಕೊಳ್ಳಬೇಕಾ, ನಡುವೆ ಸಡಿಲಿಸಬಹುದಾ? ಬೆವರಿನದು ಇನ್ನೊಂದು ಚಿಂತೆ.

ಉತ್ತರ: ಸಡಿಲಿಸಬಹುದು. ಸಡಿಲಿಸಲೇಬೇಕು. ಅಷ್ಟು ಹೇಳಿ ಮುಗಿಸಿದರೆ ನಿಮಗೆ ಏನೂ ಉಪಯೋಗ ಆಗಲ್ಲ. ಯಾಕೆಂದರೆ ನಿಮ್ಮ ತೊಂದರೆ ಬಿಗಿಯದೋ ಸಡಿಲದ್ದೋ ಅಂತ ನನಗೆ ಅನಿಸುತ್ತಿಲ್ಲ. ನಿಮ್ಮ ಎದೆ ತಿರುಗುತ್ತಿಲ್ಲ. ಅದು ಮಾಡಬೇಕಾದ ಕೆಲಸವನ್ನು ನಿಮ್ಮ ಬಲಗೈ ಮೈಮೇಲೆ ಹಾಕಿಕೊಂಡಿದೆ.

ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೇನೆ ಅಂದರೆ, ನೀವೇ ಬರೆದಿದ್ದೀರಿ: ನೇರ ನಡೆಯುವಾಗ ಸರಿ. ನೇರ ನಡೆಯುವಾಗ ಎದೆ ಹೋಗಬೇಕಾದ ಕಡೆಗೇ ಮುಖ ಮಾಡಿರುತ್ತದೆ. ನೀವು ಏನೂ ಮಾಡದಿದ್ದರೂ ಅವರಿಗೆ ದಾರಿ ಗೊತ್ತಾಗುತ್ತದೆ. ತಿರುಗುವಾಗ ಎದೆಯೇ ಮೊದಲು ಹೇಳಬೇಕು. ಅದು ಸುಮ್ನೆ ಇದ್ದರೆ ಕೈ ಗಾಬರಿಯಾಗಿ ಎಳೆಯುತ್ತದೆ. ಅವರ ಪಕ್ಕೆಲುಬಿಗೆ ಗೊತ್ತಾಗುವುದು ಆ ಗಾಬರಿ.

ನಮ್ಮಜ್ಜಿ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬರುತ್ತಿದ್ದರು. ತೋಳು ಬಿಂದಿಗೆಯ ಕೊರಳನ್ನು ಬಳಸಿರುತ್ತಿತ್ತು, ಆದರೆ ಭಾರ ಹೊರುತ್ತಿದ್ದದ್ದು ಸೊಂಟ. ತೋಳಿಗೆ ಅದು ಜಾರದ ಹಾಗೆ ನೋಡಿಕೊಳ್ಳುವ ಕೆಲಸ, ಅಷ್ಟೇ. ಹೊಸದಾಗಿ ನೀರು ತರಲು ಹೋದ ಹುಡುಗಿಯರು ಬಿಂದಿಗೆಯ ಕತ್ತು ಹಿಸುಕುತ್ತಿದ್ದರು, ಹತ್ತು ಹೆಜ್ಜೆಗೆ ಕೈ ಸೋತು ನೀರು ಚೆಲ್ಲುತ್ತಿತ್ತು. ಟ್ಯಾಂಗೊದ ಬಲಗೈಗೂ ಅಜ್ಜಿಯ ತೋಳಿನ ಕೆಲಸವೇ. ನೀವು ಈಗ ಕತ್ತು ಹಿಸುಕುವ ಹಂತದಲ್ಲಿದ್ದೀರಿ. ಬೇಜಾರು ಬೇಡ, ಎಲ್ಲರೂ ಅಲ್ಲಿಂದಲೇ ಬಂದವರು.

ಈಗ ಓಚೊ ನೋಡೋಣ. ಸ್ಪ್ಯಾನಿಷ್‌ನಲ್ಲಿ ಓಚೊ ಅಂದರೆ ಎಂಟು. ಅವರ ಕಾಲು ನೆಲದ ಮೇಲೆ 8 ಬರೆಯುತ್ತದೆ. ಅದಕ್ಕೆ ಅವರ ಸೊಂಟ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಬೇಕು. ಹೆಗಲು ಮಾತ್ರ ಬಹುಮಟ್ಟಿಗೆ ನಿಮ್ಮ ಕಡೆಗೇ ಇರುತ್ತದೆ. ಸೊಂಟಕ್ಕೂ ಹೆಗಲಿಗೂ ನಡುವೆ ಒಂದು ತಿರುಚು ಬರುತ್ತದೆ, ಬಟ್ಟೆ ಹಿಂಡಿದ ಹಾಗೆ. ನೀವು ಬೆನ್ನಿನ ಮೇಲೆ ಕೈ ಒತ್ತಿದರೆ ಆ ತಿರುಚಿಗೆ ಜಾಗವೇ ಇಲ್ಲ. ಆಗ ಅವರು ಇಡೀ ಮೈಯನ್ನು ಒಟ್ಟಿಗೆ ತಿರುಗಿಸುತ್ತಾರೆ, ಎದೆ ಎದೆಯಿಂದ ಬಿಡುತ್ತದೆ. ನಿಮಗೆ ‘ಕಿತ್ತುಹೋಯಿತು’ ಅನಿಸುವುದು ಆಗಲೇ. ತಕ್ಷಣ ಇನ್ನೂ ಬಿಗಿಯಾಗಿ ಹಿಡಿಯುತ್ತೀರಿ. ಅಲ್ಲಿಗೆ ಮುಗಿಯಿತು.

ಸರಿಯಾಗಿ ಆದಾಗ ಏನಾಗುತ್ತದೆ ಗೊತ್ತಾ? ತಾಗಿರುವ ಜಾಗ ಒಂದೇ ಕಡೆ ಅಂಟಿರುವುದಿಲ್ಲ. ಅದು ಉರುಳುತ್ತದೆ. ಅವರ ಎದೆಯ ಎಡಭಾಗ ತಾಗಿತ್ತು, ಈಗ ನಡುವಿನ ಮೂಳೆ, ಈಗ ಬಲಭಾಗ, ಮತ್ತೆ ವಾಪಸ್. ಚಪಾತಿ ಲಟ್ಟಿಸುವಾಗ ಲಟ್ಟಣಿಗೆ ಹಿಟ್ಟನ್ನು ಬಿಡುವುದೂ ಇಲ್ಲ, ಒಂದೇ ಕಡೆ ನಿಲ್ಲುವುದೂ ಇಲ್ಲ. ಒತ್ತಿ ನಿಲ್ಲಿಸಿದರೆ ಹಿಟ್ಟು ಮಣೆಗೆ ಅಂಟಿಕೊಳ್ಳುತ್ತದೆ. ಹಾಗೆ.

ಈ ಉರುಳು ಇನ್ನೂ ಕೈಗೆ ಹತ್ತಿಲ್ಲ ಅನ್ನುವಷ್ಟು ದಿನ ಒಂದು ಸುಲಭದ ದಾರಿ ಇದೆ. ಹಿಂದಕ್ಕೆ ಹೋಗುವ ಓಚೊವನ್ನು ತಿರುಗಿಸದೇ ಮಾಡಿಸಬಹುದು. ನೀವು ಅಕ್ಕಪಕ್ಕ ಚಿಕ್ಕ ಹೆಜ್ಜೆ ಇಡಿ. ಅವರು ಸೊಂಟ ತಿರುಗಿಸುವ ಬದಲು ಒಂದು ಕಾಲನ್ನು ಇನ್ನೊಂದರ ಹಿಂದೆ ಅಡ್ಡಹಾಕುತ್ತಾ ಹಿಂದೆ ಹೋಗುತ್ತಾರೆ. ಇದಕ್ಕೆ ಓಚೊ ಮಿಲೊಂಗೆರೊ ಅಂತ ಹೆಸರು. ಕಿಕ್ಕಿರಿದ ಹಾಲ್‌ನಲ್ಲಿ ಕುಣಿಯುವವರ ಹತ್ತಿರ ಇಂಥ ಉಪಾಯಗಳು ಬೇಕಾದಷ್ಟಿವೆ. ಕ್ಲಾಸಿನಲ್ಲಿ ಬಿಡಿಸಿ ಕಲಿತ ದೊಡ್ಡ ಓಚೊವನ್ನೇ ತೆಕ್ಕೆಯೊಳಗೆ ತುರುಕಬೇಕಾಗಿಲ್ಲ.

ಇನ್ನು ಸುತ್ತು ತಿರುಗುವುದು. ಅದರ ಸ್ಪ್ಯಾನಿಷ್ ಹೆಸರನ್ನು ಬರೆಯುವಾಗ ‘ಜಿ’ ಅಕ್ಷರ ಬರುತ್ತದೆ, ಹೇಳುವಾಗ ‘ಹೀರೊ’. ನನ್ನ ಕ್ಲಾಸಿನಲ್ಲಿ ಈ ಹೆಸರು ಕೇಳಿ ನಗದವರು ಇಲ್ಲ. ಇಲ್ಲಿ ಸುತ್ತುವವರು ಅವರು, ನೀವು ನಡುವಿನ ಕಂಬ. ಅವರ ಹೆಜ್ಜೆ ಹೀಗೆ: ಮುಂದೆ, ಪಕ್ಕಕ್ಕೆ, ಹಿಂದೆ, ಪಕ್ಕಕ್ಕೆ. ಬಲಕ್ಕೆ ತಿರುಗಿದರೆ ಅವರು ನಿಮ್ಮ ಬಲಗೈ ಇರುವ ಕಡೆಗೇ ನಡೆದು ಬರಬೇಕು. ಆ ಕೈ ಗಟ್ಟಿಯಾಗಿದ್ದರೆ ಗೇಟ್ ಹಾಕಿದ ರಸ್ತೆಯೊಳಗೆ ಆಟೊ ಕರೆದ ಹಾಗೆ. ಎಡಕ್ಕೆ ತಿರುಗಿದರೆ ತಪ್ಪು ಎಡಗೈಯದು. ಅದು ಗಾಳಿಯಲ್ಲಿ ಗೂಟ ಹೊಡೆದ ಹಾಗೆ ನಿಂತಿರುತ್ತದೆ, ಅವರು ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತಾರೆ. ಎರಡಕ್ಕೂ ಮದ್ದು ಒಂದೇ. ಮೊದಲು ನಿಮ್ಮ ಎದೆ ತಿರುಗಲಿ, ಅದರ ಜೊತೆ ಕೈಗಳು ಹೋಗಲಿ, ಕಾಲು ಕೊನೆಗೆ.

ಅವರ ಕಷ್ಟದ ಹೆಜ್ಜೆ ಹಿಂದಿನದು. ಅಲ್ಲಿ ಸೊಂಟ ಜಾಸ್ತಿ ತಿರುಗಬೇಕು. ಆ ಹೆಜ್ಜೆಗೆ ತೆಕ್ಕೆ ಒಂದೆರಡು ಇಂಚು ಬಿಟ್ಟುಕೊಟ್ಟರೆ ಸಾಕು, ಮುಂದಿನ ಪಕ್ಕದ ಹೆಜ್ಜೆಯಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಬಿಟ್ಟುಕೊಡುವುದು ಅಂದರೆ ನೀವು ಹಿಂದೆ ಸರಿಯುವುದಲ್ಲ. ನಿಮ್ಮ ಮುಂಗೈ ಅವರ ಬೆನ್ನಿನ ಮೇಲೆ ಜಾರಬೇಕು. ಅವರ ಎಡಗೈ ನಿಮ್ಮ ಭುಜದ ಹಿಂಬದಿಯಿಂದ ತೋಳಿನವರೆಗೆ ಜಾರಿ ಬಂದು ಮತ್ತೆ ಮೇಲೆ ಹೋಗಬೇಕು. ತೆರೆಯುವುದನ್ನೂ ಮುಚ್ಚುವುದನ್ನೂ ಹೆಚ್ಚಾಗಿ ಅವರೇ ಮಾಡುತ್ತಾರೆ. ತಮ್ಮ ಸೊಂಟಕ್ಕೆ ಎಷ್ಟು ಜಾಗ ಬೇಕು ಅಂತ ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ನೀವು ಅಡ್ಡ ಬರದಿದ್ದರೆ ಸಾಕು.

ಹೊಟ್ಟೆಯ ವಿಷಯ ನೀವು ಸಂಕೋಚದಿಂದ ಬರೆದಿದ್ದೀರಿ. ಪೆದ್ರೊ ರುಸ್ಕೊನಿ ಅಂತ ಒಬ್ಬರಿದ್ದರು, ಬ್ಯೂನಸ್ ಐರಿಸ್‌ನವರು. ಎಲ್ಲರೂ ಕರೆಯುತ್ತಿದ್ದದ್ದು ತೆತೆ ಅಂತ. 2010ರಲ್ಲಿ ತೀರಿಕೊಂಡರು. ದಪ್ಪ ಮೈ, ದೊಡ್ಡ ಹೊಟ್ಟೆ. ಹತ್ತಿರದ ಅಪ್ಪುಗೆಯಲ್ಲೇ, ಮೂರು ಎಣಿಕೆಯ ವಾಲ್ಸ್ ಸಂಗೀತಕ್ಕೆ ಬುಗುರಿಯ ಹಾಗೆ ತಿರುಗುತ್ತಿದ್ದರು. ಅವರ ವಿಡಿಯೊಗಳು ಸಿಗುತ್ತವೆ. ನೋಡುವಾಗ ಕಾಲು ನೋಡಬೇಡಿ, ಬಲ ಮೊಣಕೈ ನೋಡಿ. ಹೊಟ್ಟೆ ಇರುವವರಿಗೆ ತಾಗುವ ಜಾಗ ಸ್ವಲ್ಪ ಮೇಲೆ ಹೋಗುತ್ತದೆ, ಎದೆಮೂಳೆಯ ಹತ್ತಿರ. ಕೆಳಗೆ ಕಾಲುಗಳ ನಡುವೆ ಜಾಗ ಜಾಸ್ತಿಯಾಗುತ್ತದೆ. ನಿಜ ಹೇಳಬೇಕೆಂದರೆ ಅದು ಅನುಕೂಲವೇ, ಮಂಡಿ ಮಂಡಿ ಬಡಿದುಕೊಳ್ಳಲ್ಲ.

ಆದರೆ ನಿಮ್ಮ ಸೊಂಟನೋವಿನ ಬೇರು ಇಲ್ಲೇ ಎಲ್ಲೋ ಇರಬಹುದು. ಎತ್ತರದವರು, ಹೊಟ್ಟೆ ಇರುವವರು, ಎದುರಿಗೆ ಹತ್ತು ಇಂಚು ಕುಳ್ಳಗಿನವರು. ಆಗ ಏನು ಮಾಡುತ್ತೀರಿ? ಸೊಂಟದಲ್ಲಿ ಬಗ್ಗುತ್ತೀರಿ, ಹಿಂಭಾಗ ಹಿಂದಕ್ಕೆ ಹೋಗುತ್ತದೆ, ಕತ್ತು ಕೆಳಗೆ. ಎರಡು ಗಂಟೆ ವಾಶ್‌ಬೇಸಿನ್ ಮುಂದೆ ಬಗ್ಗಿ ನಿಂತ ಲೆಕ್ಕ ಅದು. ಮುಂದಕ್ಕೆ ವಾಲುವುದು ಪಾದದ ಕೀಲಿನಿಂದ ಆಗಬೇಕು. ಹಿಮ್ಮಡಿ ನೆಲ ಬಿಡದೆ, ಭಾರ ಪಾದದ ಮುಂಭಾಗಕ್ಕೆ ಬರಬೇಕು. ಎಷ್ಟು ವಾಲಬೇಕು? ಅವರು ಇದ್ದಕ್ಕಿದ್ದ ಹಾಗೆ ಮಾಯವಾದರೆ ನೀವು ಮುಗ್ಗರಿಸಬಾರದು, ಅಷ್ಟು. ಕಾರ್ಲೋಸ್ ಗವಿತೊ ಎನ್ನುವ ದೊಡ್ಡ ಕಲಾವಿದರು ವಿಪರೀತ ವಾಲಿ, ನಿಂತು, ನಿಲ್ಲಿಸಿ ಕುಣಿಯುತ್ತಿದ್ದರು. ಅದನ್ನು ನೋಡಿ ಸೊಂಟ ಕಳೆದುಕೊಂಡವರು ನನಗೇ ಮೂರು ಜನ ಗೊತ್ತು. ಇಷ್ಟು ಸರಿಮಾಡಿದ ಮೇಲೂ ನೋವು ಉಳಿದರೆ, ಅಥವಾ ಕಾಲಿಗೆ ಇಳಿದರೆ, ಡಾಕ್ಟರ ಹತ್ತಿರ ಹೋಗಿ. ಅದು ನನ್ನ ಕೈಯಲ್ಲಿಲ್ಲ.

ಎತ್ತರದ ವ್ಯತ್ಯಾಸಕ್ಕೆ ಕೆಲವು ಸಣ್ಣ ತಿದ್ದುಪಡಿ ಸಾಕು. ಅವರು ಏಳೆಂಟು ಸೆಂಟಿಮೀಟರ್ ಹಿಮ್ಮಡಿಯ ಶೂ ಹಾಕಿದರೆ ಮೂರು ಇಂಚು ಅಲ್ಲೇ ಕಡಿಮೆಯಾಯಿತು. ಹಿಡಿದ ಕೈಗಳು ಅವರ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗುವುದು ಬೇಡ. ನಿಮಗೆ ಅನುಕೂಲ ಅಂತ ನಿಮ್ಮ ಕಣ್ಣಿನ ಮಟ್ಟಕ್ಕೆ ಎತ್ತಿದರೆ ಅವರ ಹೆಗಲು ಕಿವಿಗೆ ಬರುತ್ತದೆ. ಅವರ ಎಡಗೈ ನಿಮ್ಮ ಕತ್ತಿನ ಸುತ್ತ ಬರಲೇಬೇಕು ಅಂತ ಯಾರೂ ಬರೆದಿಟ್ಟಿಲ್ಲ. ನಿಮ್ಮ ತೋಳಿನ ಮೇಲೆ, ಹೆಗಲ ಹಿಂದೆ, ಎಲ್ಲಿ ಹಾಯಾಗಿ ಕೂರುತ್ತದೋ ಅಲ್ಲಿ. ಅವರ ಹಣೆ ನಿಮ್ಮ ಎದೆಯ ಮೇಲ್ಭಾಗಕ್ಕೆ ತಾಗಿದರೆ ತಾಗಲಿ. ನೀವು ತಲೆ ಬಗ್ಗಿಸಿ ಅವರ ಮುಖ ಹುಡುಕಬೇಡಿ.

ಈ ಕತ್ತಿನ ವಿಷಯಕ್ಕೆ ನನ್ನದೇ ಒಂದು ಕಥೆ. ಶುರುವಿನ ದಿನಗಳಲ್ಲಿ ನನಗೆ ಹತ್ತಿರದ ಅಪ್ಪುಗೆ ಅಂದರೆ ಗಟ್ಟಿಯಾಗಿ ಜೋತುಬೀಳುವುದು ಅನ್ನೋ ಭ್ರಮೆ ಇತ್ತು. ಒಬ್ಬ ಹಿರಿಯರ ಜೊತೆ ಕುಣಿದೆ. ಅರವತ್ತು ದಾಟಿದವರು, ಬಹಳ ಮರ್ಯಾದಸ್ಥರು. ಎರಡು ಹಾಡಿನವರೆಗೆ ಒಂದು ಮಾತೂ ಆಡಲಿಲ್ಲ. ಮೂರನೆಯದರ ಮಧ್ಯೆ ಮೆತ್ತಗೆ, ‘ಅಮ್ಮಾ, ನಾನು ಕೋಟ್ ಸ್ಟ್ಯಾಂಡ್ ಅಲ್ಲ’ ಅಂದರು. ಆ ರಾತ್ರಿ ಮನೆಗೆ ಬಂದು ಅತ್ತುಬಿಟ್ಟೆ. ಮರುದಿನದಿಂದ ಎಡಗೈಯ ಭಾರವನ್ನು ನಾನೇ ಹೊರಲು ಕಲಿತೆ. ಹಾಗಾಗಿ ತಪ್ಪೆಲ್ಲ ನಿಮ್ಮದೇ ಅಂತ ನಾನು ಹೇಳುತ್ತಿಲ್ಲ. ಅವರೂ ನಿಮ್ಮ ಮೇಲೆ ಜೋತುಬಿದ್ದಿರಬಹುದು. ಆಗ ನಿಮ್ಮ ಬಲಗೈ ಅವರನ್ನು ಎತ್ತಿ ಹಿಡಿಯಲು ಬಿಗಿಯಾಗುತ್ತದೆ. ಯಾರು ಮೊದಲು ಶುರುಮಾಡಿದ್ದು ಅಂತ ಹೊರಗಿನಿಂದ ಹೇಳುವುದು ಕಷ್ಟ.

ಬೆಂಗಳೂರಿನಲ್ಲಿ ಟ್ಯಾಂಗೊಗೆ ಬರುವವರು ಸಾಮಾನ್ಯವಾಗಿ ಬೇರೆ ಕುಣಿತ ಕಲಿತೇ ಬಂದಿರುತ್ತಾರೆ. ಸಾಲ್ಸಾದಿಂದ ಬಂದವರಿಗೆ ಕೈಯಲ್ಲಿ ಮಾತಾಡುವ ಅಭ್ಯಾಸ, ಎದೆ ಮೌನ. ಭರತನಾಟ್ಯ ಕಲಿತವರಿಗೆ ಬೆನ್ನು ಚೆಂದ, ಅಕ್ಷ ಗಟ್ಟಿ, ಆದರೆ ಮೈಯನ್ನು ಇನ್ನೊಬ್ಬರ ಕಡೆಗೆ ಒಂದು ಇಂಚೂ ಬಿಟ್ಟುಕೊಡಲ್ಲ. ಅರಮಂಡಿಯಲ್ಲಿ ಹತ್ತು ವರ್ಷ ನಿಂತ ಮೈಗೆ ಅದು ಸಹಜ ಅಲ್ವಾ? ನಿಮ್ಮ ಜೊತೆಯವರು ಮೊದಲು ಏನು ಕಲಿತಿದ್ದರು ಅಂತ ಕೇಳಿ ನೋಡಿ. ‘ಏನೂ ಗೊತ್ತಾಗ್ತಿಲ್ಲ’ ಅನ್ನುವ ಮಾತು ಕೈಯಿಂದ ಸೂಚನೆ ಕಾಯುವವರ ಬಾಯಿಂದ ಬರುವುದು ಜಾಸ್ತಿ.

ನಡುವೆ ಸಡಿಲಿಸುವುದು ಸಂಪ್ರದಾಯಕ್ಕೆ ವಿರುದ್ಧವೇ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿದೆ. 1940ರ ದಶಕದ ಬ್ಯೂನಸ್ ಐರಿಸ್‌ನಲ್ಲಿ ಎಲ್ಲರೂ ಒಂದೇ ಥರ ಅಪ್ಪಿ ಕುಣಿಯುತ್ತಿರಲಿಲ್ಲ. ಜಾಗ ಇರುವ ದೊಡ್ಡ ಕ್ಲಬ್ಬುಗಳಲ್ಲಿ ತೆಕ್ಕೆ ತೆರೆದು ಮುಚ್ಚಿ ಆಗುತ್ತಿತ್ತು, ಊರ ನಡುವಿನ ಇಕ್ಕಟ್ಟಿನ ಜಾಗಗಳಲ್ಲಿ ಮುಚ್ಚಿಯೇ ಇರುತ್ತಿತ್ತು. ಆ ಮುಚ್ಚಿದ ತೆಕ್ಕೆಗೆ ‘ಮಿಲೊಂಗೆರೊ ಶೈಲಿ’ ಅನ್ನುವ ಹೆಸರು ಓಡಾಡತೊಡಗಿದ್ದು 1990ರ ದಶಕದಲ್ಲಿ, ಸುಸಾನ ಮಿಲ್ಲರ್ ಅವರಂಥವರು ಅದನ್ನು ಕ್ಲಾಸುಗಳಲ್ಲಿ ಕಲಿಸಿದ ಮೇಲೆ. ಬಾಯಲ್ಲಿ ಗುಲಾಬಿ ಕಚ್ಚಿಕೊಳ್ಳುವ ಸಿನಿಮಾ ಟ್ಯಾಂಗೊ ಇದ್ಯಾವುದೂ ಅಲ್ಲ, ಅದನ್ನು ಬಿಡಿ.

ಹಾಗಾಗಿ ಹಾಡಿನ ನಡುವೆ ಅವರು ಒಂದು ಹೆಜ್ಜೆ ಜಾಗ ಕೇಳಿದರೆ, ಬಾಯಿಬಿಟ್ಟು ಕೇಳದೆ ಮೈಯಲ್ಲೇ ಕೇಳಿದರೂ, ಕೊಡಿ. ಕಾರಣ ಕೇಳಬೇಡಿ. ಎಷ್ಟು ಹತ್ತಿರ ಅನ್ನುವುದು ಅವರ ಕೈಯಲ್ಲಿದೆ. ಹಾಡು ಶುರುವಾಗುವಾಗ ನೀವು ತೋಳು ತೆರೆದು ನಿಲ್ಲಿ, ಅವರು ಬಂದು ಸೇರಿಕೊಳ್ಳಲಿ. ಎಳೆದುಕೊಳ್ಳಬೇಡಿ. ನಮ್ಮೂರಲ್ಲಿ ಪರಿಚಯ ಇಲ್ಲದವರನ್ನು ತಬ್ಬಿಕೊಳ್ಳುವ ರೂಢಿ ಇಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಆ ಮೊದಲ ಕೆಲವು ಸೆಕೆಂಡು ಬೇಕಾಗುತ್ತದೆ. ಮಿಲೊಂಗದಲ್ಲಿ, ಅಂದರೆ ಟ್ಯಾಂಗೊ ಕುಣಿಯಲು ಎಲ್ಲರೂ ಸೇರುವ ಕೂಟದಲ್ಲಿ, ಮೂರೋ ನಾಲ್ಕೋ ಹಾಡು ಸೇರಿ ಒಂದು ತಾಂಡ. ನಮ್ಮ ಲಂಬಾಣಿ ತಾಂಡ ಅಲ್ಲ, ಹತ್ತು ಹನ್ನೆರಡು ನಿಮಿಷದ ಒಂದು ಕಟ್ಟು. ಮೊದಲ ಹಾಡಿಗೆ ದೂರ, ಎರಡನೆಯದಕ್ಕೆ ಸ್ವಲ್ಪ ಹತ್ತಿರ, ಮೂರನೆಯದರಲ್ಲಿ ಪೂರ್ತಿ ಸೇರುವ ಜೋಡಿಗಳೇ ಹೆಚ್ಚು. ಪೂರ್ತಿ ಸೇರದೆ ಮುಗಿಸುವವರೂ ಇದ್ದಾರೆ. ತಾಂಡದ ಮಧ್ಯೆ ಯಾರಾದರೂ ‘ಗ್ರಾಸಿಯಾಸ್’ ಅಂದರೆ ಬರೀ ಥ್ಯಾಂಕ್ಸ್ ಅಂದುಕೊಳ್ಳಬೇಡಿ, ಸಾಕು ಅಂತ ಅರ್ಥ. ನಗುತ್ತಾ ಅವರ ಕುರ್ಚಿಯವರೆಗೆ ಬಿಟ್ಟುಬನ್ನಿ.

ಅಭ್ಯಾಸಕ್ಕೆ ಎರಡೇ ಹೇಳುತ್ತೇನೆ. ಒಂದು, ಬಲಗೈಯ ಅಂಗೈ ಹೊರಗೆ ಮಾಡಿ, ಹಿಂಗೈಯನ್ನು ಅವರ ಬೆನ್ನಿಗೆ ಇಟ್ಟು ಕುಣಿಯಿರಿ. ಹಿಂಗೈಯಿಂದ ಯಾರನ್ನೂ ಹಿಡಿಯಲು ಆಗಲ್ಲ, ಎಳೆಯಲೂ ಆಗಲ್ಲ. ಮೊದಲ ದಿನ ಕೈ ಕಳೆದುಕೊಂಡವರ ಹಾಗೆ ಪರದಾಡುತ್ತೀರಿ. ನನ್ನ ಹತ್ತಿರ ಕಲಿತವರಲ್ಲಿ ಹೆಚ್ಚಿನವರಿಗೆ ಮೂರನೇ ವಾರಕ್ಕೆ ಎದೆ ಮಾತಾಡಲು ಶುರುಮಾಡಿತು. ಎರಡು, ಕೈಗಳನ್ನು ಪೂರ್ತಿ ಬಿಟ್ಟು, ಇಬ್ಬರ ಎದೆಯ ನಡುವೆ ಮಡಚಿದ ತೆಳು ಟವೆಲ್ ಇಟ್ಟು ನಡೆಯಿರಿ, ಆಮೇಲೆ ನಿಧಾನಕ್ಕೆ ತಿರುಗಿ. ಟವೆಲ್ ಯಾವ ಹೆಜ್ಜೆಯಲ್ಲಿ ಬೀಳುತ್ತದೆ ಅಂತ ಗಮನಿಸಿ. ನಿಮ್ಮ ವಿಷಯದಲ್ಲಿ ಅದು ಅವರ ಹಿಂದಿನ ಹೆಜ್ಜೆಯಲ್ಲೇ ಬೀಳುತ್ತದೆ ಅಂತ ನನ್ನ ಊಹೆ. ಒತ್ತಿ ಹಿಡಿದು ಬೀಳದ ಹಾಗೆ ಮಾಡಿದರೆ ಮೋಸ ಅದು.

ಇದನ್ನು ಟ್ಯಾಂಗೊ ವಾದ್ಯವೃಂದದ ನಾಯಕ ಕಾರ್ಲೋಸ್ ದಿ ಸಾರ್ಲಿಯ 1950ರ ದಶಕದ ಹಾಡಿಲ್ಲದ ರೆಕಾರ್ಡುಗಳಿಗೆ ಮಾಡಿ. ಪಿಯಾನೊ ನಡೆಸಿಕೊಂಡು ಹೋಗುತ್ತದೆ, ಅವಸರ ಇಲ್ಲ. ಇನ್ನೊಬ್ಬ ವಾದ್ಯವೃಂದದ ನಾಯಕ ಹುವಾನ್ ದಾರಿಯೆಂಸೊ ಬೇಡ, ಈಗಲೇ ಬೇಡ. ಅವರ ಲಯ ಚುರುಕು, ಗಾಬರಿಯಾಗುವ ಕೈ ಮತ್ತೆ ಗಾಬರಿಯಾಗುತ್ತದೆ. ತಿರುಗುವುದು ಕೂತ ಮೇಲೆ ವಾಲ್ಸ್ ಹಾಕಿಕೊಳ್ಳಿ. ಮೂರು ಎಣಿಕೆಯ ಲಯ ತಾನೇ ತಿರುಗಿಸುತ್ತದೆ.

ಕುಣಿಯುವ ನೆಲವನ್ನೂ ಒಮ್ಮೆ ನೋಡಿ. ನಮ್ಮಲ್ಲಿ ಮರದ ನೆಲ ಸಿಗುವುದು ಅಪರೂಪ. ಹೆಚ್ಚಿನ ಕಡೆ ಟೈಲ್ಸ್, ಕೆಲವು ಟೆರೇಸುಗಳಲ್ಲಿ ಬರೀ ಸಿಮೆಂಟು. ಅದರ ಮೇಲೆ ರಬ್ಬರ್ ಸೋಲಿನ ಶೂ ಹಾಕಿದರೆ ಪಾದ ಅಂಟಿಕೊಳ್ಳುತ್ತದೆ, ಎದೆ ತಿರುಗುತ್ತದೆ, ನಡುವೆ ಮಂಡಿ ತಿರುಚುತ್ತದೆ. ಚರ್ಮದ ಸೋಲು ಹಾಕಿಸಿಕೊಳ್ಳಿ. ಚಪ್ಪಲಿ ಹೊಲಿಯುವವರೇ ಹಾಕಿಕೊಡುತ್ತಾರೆ.

ಆಫೀಸಿನಿಂದ ನೇರ ಬರುವವರಾದರೆ ಐಡಿ ಕಾರ್ಡ್ ತೆಗೆದಿಡಿ. ನಗಬೇಡಿ. ಕೊರಳಲ್ಲಿ ಟ್ಯಾಗ್ ಹಾಕಿಕೊಂಡೇ ಅಪ್ಪಿದವರ ಕಾರ್ಡಿನ ಅಚ್ಚು ನನ್ನ ಎದೆಮೂಳೆಯ ಮೇಲೆ ಒಂದು ಸಂಜೆಯಿಡೀ ಇತ್ತು. ಶರ್ಟ್ ಜೇಬಿನಲ್ಲಿ ಫೋನ್, ಪೆನ್ನು ಬೇಡ. ಜೊತೆಯವರ ಸರದ ಪದಕವೋ ಮಾಂಗಲ್ಯವೋ ನಡುವೆ ಒತ್ತುತ್ತಿದ್ದರೆ ಅವರು ಅದನ್ನು ಹಿಂದಕ್ಕೆ ಹಾಕಿಕೊಳ್ಳುವವರೆಗೆ ಕಾಯಿರಿ. ‘ಉಸಿರು ಕಟ್ತಾ ಇದೆ’ ಅನ್ನುವುದರಲ್ಲಿ ಸ್ವಲ್ಪ ಪಾಲು ಅದರದೂ ಇರಬಹುದು.

ಬೆವರು ಎಲ್ಲರಿಗೂ ಬರುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ನಿಂತರೂ ಬರುತ್ತದೆ. ಮೇಲೆ ಸೆಂಟ್ ಸುರಿದುಕೊಳ್ಳುವುದು ಪರಿಹಾರ ಅಲ್ಲ. ಮೂಗು ಅವರ ಕೂದಲಲ್ಲೇ ಇರುತ್ತದೆ, ಅವರ ಮೂಗು ನಿಮ್ಮ ಕಾಲರಿನಲ್ಲಿ. ಹತ್ತಿ ಶರ್ಟು, ಒಳಗೆ ಬನಿಯನ್, ಜೇಬಿನಲ್ಲಿ ಕರ್ಚೀಫು. ಪ್ರತಿ ತಾಂಡ ಮುಗಿದಾಗ ಬರುವ ತುಣುಕು ಸಂಗೀತದಲ್ಲಿ ಹೋಗಿ ಮುಖ ತೊಳೆದು ಬನ್ನಿ. ಇನ್ನೊಂದು ಶರ್ಟ್ ಬ್ಯಾಗಿನಲ್ಲಿ ಇರಲಿ, ಬ್ಯಾಗು ಹಾಲ್‌ನಲ್ಲಿ ಇರಲಿ. ಕಾರಿನಲ್ಲಿ ಬಿಟ್ಟು ಬಂದರೆ ಕೆಟ್ಟಿರಿ. ಇಂದಿರಾನಗರದಲ್ಲಿ ನಿಮಗೆ ಪಾರ್ಕಿಂಗ್ ಸಿಕ್ಕಿರುವುದು ನಾಲ್ಕು ಕ್ರಾಸ್ ಆಚೆ.